ವೈನ್ ಪ್ರವಾಸಕ್ಕೆ ಸಿಗದ ಪರವಾನಗಿ

ಮಧುಗಿರಿ ಬೆಟ್ಟಕ್ಕೆ ಬರುವವರಿಗೆ ದಾರಿ ತೋರಿಸುತ್ತಿದ್ದ ನನಗೆ, ಅವರನ್ನು ಮಿಡಿಗೇಶಿ ಹತ್ತಿರ ನಮ್ಮ ಅತ್ತಿಗೆಯ ದ್ರಾಕ್ಷಿ ತೋಟಕ್ಕೂ ಕರೆದೊಯ್ದು, ಅಲ್ಲಿಯೇ ವೈನ್ ರುಚಿ ತೋರಿಸುವ ಆಸೆ ಹುಟ್ಟಿತು. ವೈನನ್ನು ಅಂಗಡಿಯಿಂದ ತರುವುದೆಂದು ಮಾತಾಡಿಕೊಂಡೆವು. ಶುರುಮಾಡುವ ಮೊದಲು ಕಾನೂನು ಕೇಳಿಬರೋಣವೆಂದು ನಾನೂ ಅತ್ತಿಗೆಯೂ ಅಬಕಾರಿ ಕಚೇರಿಗೆ ಹೋದೆವು.

ಅಲ್ಲಿನ ಅಧಿಕಾರಿ ಕೂರಿಸಿ, ಸಮಾಧಾನವಾಗಿಯೇ ಹೇಳಿದರು. "ಟಿಕೆಟ್ ದುಡ್ಡಲ್ಲಿ ವೈನ್ ಸೇರ್ಸಿದ್ರೆ ಅದು ಮಾರಿದಂಗೇ ಕಣಮ್ಮ. ಲೈಸೆನ್ಸ್ ಬೇಕು."

"ಬಿಟ್ಟಿ ಕೊಟ್ರೆ ಸಾರ್?" ಎಂದರು ಅತ್ತಿಗೆ.

"ಪ್ರವಾಸಕ್ಕೆ ದುಡ್ಡು ಈಸ್ಕಂಡಿರ್ತೀರಲ್ಲ, ಬಿಟ್ಟಿ ಹೆಂಗಾಯ್ತದೆ? ತೋಟದಲ್ಲಿ ಕುಡಿಸೋಕೆ ನಿಮ್ಗೆ ಲೈಸೆನ್ಸ್ ಸಿಗೋದು ಕಷ್ಟ. ಜನರನ್ನ ಯಾವ ಗಾಡೀಲಿ ಕರ್ಕಂಡು ಹೋಗ್ತೀರಿ?"

ನಮ್ಮ ಸ್ವಂತ ಕಾರಿನಲ್ಲಿ ಎಂದೆ. ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸುವಂತಿಲ್ಲ, ಅಪಘಾತವಾದರೆ ವಿಮೆಯವರೂ ಕೈಯೆತ್ತುತ್ತಾರೆ ಎಂದರು. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅದಕ್ಕೇ ಜಗಳವಾಡಲೂ ಆಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆ, "ಬುಡು, ಹಣ್ಣು ಮಂಡಿಗೇ ಹಾಕ್ತೀನಿ" ಎಂದು ಊರಿನ ಬಸ್ಸು ಹತ್ತಿದರು. ಅಷ್ಟರಲ್ಲಿ ನಮ್ಮ ಪ್ರವಾಸದ ಸುದ್ದಿ ಕೇಳಿದ್ದ ತುಮಕೂರಿನವರೊಬ್ಬರು ಫೋನ್ ಮಾಡಿದರು. ವೈನ್ ಇರುವುದಿಲ್ಲ, ಬೆಟ್ಟ ತೋರಿಸುತ್ತೇನೆ ಎಂದೆ.

"ಬೆಟ್ಟ ನಾವೇ ನೋಡ್ಕೋತೀವಿ ಬಿಡಿ" ಎಂದು ಫೋನ್ ಇಟ್ಟರು.

ಆಮೇಲೆ ವೈನ್ ಪ್ರವಾಸದ ಮಾತನ್ನು ನಾನಾಗಲಿ ಅತ್ತಿಗೆಯಾಗಲಿ ಎತ್ತಲಿಲ್ಲ.