ಮಗ ಊಟಕ್ಕೆ ಬಂದಿದ್ದ

ಲಗ್ಗೆರೆಯಲ್ಲಿ ಬಾಡಿಗೆ ಮನೆಗಾಗಿ ಅಲೆದ ದಿನಗಳು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದವಳು, ಅಂದರೆ ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವವಳು. ನನ್ನ ಗೆಳತಿ ಅಲ್ಲೇ ಹತ್ತಿರದ ಇನ್ನೊಂದು ಕಾರ್ಖಾನೆಯಲ್ಲಿ ಬೋಲ್ಟು ನಟ್ಟುಗಳನ್ನು ಪ್ಯಾಕ್ ಮಾಡುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಅಷ್ಟು ಗೊತ್ತಾದರೆ ಸಾಕು, 'ಫ್ಯಾಮಿಲಿಗೆ ಮಾತ್ರ ಕೊಡೋದಮ್ಮ' ಎಂದು ಗೇಟಿನ ಒಳಗಿನಿಂದಲೇ ಕೈಯಾಡಿಸುತ್ತಿದ್ದರು.

ಕೊನೆಗೆ ಒಬ್ಬ ಓನರ್ ಆಂಟಿ ಒಳಗೆ ಕರೆದರು. ಅವರ ಮಾವನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದವು. ಆಂಟಿ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನಮ್ಮನ್ನೂ ಸುಲಿದರು. ಯಾವ ಊರು, ಯಾವ ಜನ, ಅಪ್ಪ ಏನು ಮಾಡುತ್ತಾರೆ, ಮದುವೆ ಯಾಕೆ ಆಗಿಲ್ಲ. ಇಬ್ಬರ ಅಪ್ಪಂದಿರಿಗೂ ನಮ್ಮೆದುರಿಗೇ ಫೋನು ಮಾಡಿ ಮಾತಾಡಿದರು.

"ಗಂಡುಸ್ರು ಯಾರೂ ಬರಂಗಿಲ್ಲ. ಅಣ್ಣ ತಮ್ಮ ಅಂದ್ಕೊಂಡೂ ಬರಂಗಿಲ್ಲ."

"ಸಿಲಿಂಡರ್ ತರೋನು, ಆಂಟಿ?" ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಗೆಳತಿ ಹಿಂದಿನಿಂದ ಚಿವುಟಿದಳು.

"ಗೇಟ್ ತಂಕ ಬರ್ಲಿ. ಆಮ್ಯಾಕೆ ನೀವೇ ಎತ್ಕೊಂಡೋಗಿ."

ಹಾಗೆ ಆ ಕಟ್ಟಡದ ಕೆಳಗಿನ ಒಂದು ಕೋಣೆ ನಮ್ಮದಾಯಿತು. ಕೆಲವು ತಿಂಗಳು ಕಳೆದ ಮೇಲೆ ಮೇಲಿನ ಮನೆಗೆ ಒಬ್ಬ ಮುದುಕಿ ಮತ್ತು ಅವಳ ಮಗ ಬಂದರು. ಅವನಿಗೆ ಮೂವತ್ತು ದಾಟಿರಬೇಕು, ಲೇತ್ ಮೆಷಿನ್ ಓಡಿಸುವ ಕೆಲಸ ಎನ್ನುತ್ತಿದ್ದ, ಆದರೆ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದ. ಅವತ್ತು ಆಂಟಿ ಅವರನ್ನು ಕೇಳಿದ್ದು ಊರು ಯಾವುದೆಂದು, ಅಷ್ಟೆ. ಯಾರಿಗೂ ಫೋನು ಹೋಗಲಿಲ್ಲ. "ತಾಯೀನ ಮಡಿಕ್ಕೊಂಡು ಸಾಕ್ತಾವ್ನೆ, ಒಳ್ಳೇ ಹುಡುಗ" ಎಂದು ಸಂಜೆ ನಮಗೇ ಹೇಳಿದರು. ಅಮ್ಮ ಜೊತೆಗಿದ್ದರೆ ಅದು ಫ್ಯಾಮಿಲಿ.

ಮುದುಕಿ ಒಳ್ಳೆಯವಳು ಎಂದೇ ನಾವು ತಿಳಿದೆವು. ಸೊಪ್ಪಿನ ಸಾರು ಮಾಡಿದ ದಿನ ಒಂದು ಬಟ್ಟಲು ತಂದು ಕೊಡುತ್ತಿದ್ದಳು. ನನ್ನ ಗೆಳತಿಗೆ ತಾಯಿ ಇರಲಿಲ್ಲ, ಚಿಕ್ಕಂದಿನಿಂದ ಅಪ್ಪನೇ ಸಾಕಿದ್ದ. ಅವಳು ಬೇಗ ಕರಗಿಬಿಟ್ಟಳು, 'ಅವ್ವ' ಎಂದೇ ಕರೆಯಲು ಶುರು ಮಾಡಿದಳು. ಅವಳಿಗೆ ಸೆಕೆಂಡ್ ಶಿಫ್ಟು. ನಾನು ಬೆಳಿಗ್ಗೆ ಹೊರಟರೆ ಮಧ್ಯಾಹ್ನದವರೆಗೆ ಅವಳೊಬ್ಬಳೇ ಮನೆಯಲ್ಲಿ. ಬಟ್ಟೆ ಒಗೆಯುವುದು, ತಾರಸಿಯ ಮೇಲೆ ಒಣಗಿಸುವುದು ಅವಳ ಪಾಲಿನ ಕೆಲಸ.

ಒಂದು ದಿನ ಮುದುಕಿ ಅವಳಿಗೆ ಹೇಳಿದಳಂತೆ: "ಬಟ್ಟೆ ಒಣಗಾಕಕ್ಕೆ ಒಬ್ಳೇ ಮ್ಯಾಕೆ ಓಗ್ಬ್ಯಾಡ ಕಣವ್ವ. ಬಕೆಟ್ಟು ನಂಗೆ ಕೊಡು, ನಾನಾಕ್ತೀನಿ." ಎಷ್ಟು ಪ್ರೀತಿ ನೋಡೇ ಎಂದು ಗೆಳತಿ ನನ್ನ ಮುಂದೆ ಹೇಳಿಕೊಂಡಳು. ಮಂಡಿ ನೋವಿನ ಮುದುಕಿಯ ಕೈಗೆ ಬಕೆಟ್ ಕೊಡಲು ಅವಳ ಮನಸ್ಸು ಒಪ್ಪಲಿಲ್ಲ.

ಆಮೇಲೆ ಮುದುಕಿಯ ಮಗ ತಾರಸಿಗೆ ಬಂದು ನಿಲ್ಲಲು ಶುರು ಮಾಡಿದ. ಮಾತಿಲ್ಲ, ಏನಿಲ್ಲ, ನೀರಿನ ಟ್ಯಾಂಕಿಗೆ ಒರಗಿ ನೋಡುತ್ತಾ ನಿಲ್ಲುವುದು. ಇಬ್ಬರೂ ಹೋಗಿ ಆಂಟಿಗೆ ಹೇಳಿದೆವು. "ತಾಯಿ ಇರೋ ಮನೆ ಅದು. ನೀವೇ ವಸಿ ಉಷಾರಾಗಿರಿ, ವೇಲ್ ಸರ್ಯಾಗಿ ಆಕ್ಕೊಳ್ಳಿ" ಎಂದರು. ನಾನು ಜಗಳ ಆಡಿದೆ. ಇಷ್ಟ ಇಲ್ಲದಿದ್ದರೆ ಖಾಲಿ ಮಾಡಿ ಎಂದರು. ಸರಿ, ಮಾಡುತ್ತೇವೆ ಎಂದು ರಾಜಗೋಪಾಲನಗರದಲ್ಲಿ ಮನೆ ಹುಡುಕುತ್ತಿದ್ದೆವು. ಸಿಕ್ಕಿರಲಿಲ್ಲ.

ಅವತ್ತು ನಾನು ಕೆಲಸ ಮುಗಿಸಿ ಬರುವಾಗ ಗೇಟಿನ ಮುಂದೆ ಜನ, ಪೊಲೀಸ್ ಜೀಪು. ಯಾರೋ ನನ್ನನ್ನು ತಡೆದರು, ಯಾರೋ ಬಿಡಿ ಬಿಡಿ ಅಂದರು. ಮಧ್ಯಾಹ್ನ ಅವಳು ಕೆಲಸಕ್ಕೆ ಹೊರಡುವ ಮುಂಚೆ, ತಾರಸಿಯಲ್ಲಿ ಅವನು ಅವಳ ಮೇಲೆ ಬಿದ್ದಿದ್ದ. ಅವಳು ಕೂಗಿಕೊಂಡಳು, ಪರಚಿದಳು. ಅವಳದೇ ವೇಲಿನಿಂದ ಅವಳ ಕತ್ತು ಬಿಗಿದು ಕೊಂದ. ಪಕ್ಕದ ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪ್ರೆಸ್ಸಿನ ಸದ್ದಿಗೆ ಆ ಕೂಗು ಯಾರಿಗೂ ಕೇಳಿಸಿರಲಿಲ್ಲ. ಬಕೆಟ್ಟಿನಲ್ಲಿ ಅರ್ಧ ಬಟ್ಟೆ ಹಿಂಡಿಟ್ಟ ಹಾಗೇ ಇತ್ತು, ಅದರಲ್ಲಿ ನನ್ನ ಚೂಡಿದಾರವೂ ಇತ್ತು. ನಾನು ಒಗೆಯದೆ ಬಿಟ್ಟು ಹೋಗಿದ್ದನ್ನು ಅವಳು ತನ್ನದರ ಜೊತೆ ಒಗೆದಿದ್ದಳು. ಅದನ್ನು ನೋಡಿದ ಮೇಲೆಯೇ ನನಗೆ ಅಳು ಬಂದದ್ದು.

ಪೊಲೀಸರು ಅವನನ್ನು ಬೇಗನೆ ಹಿಡಿದರು. ಹಿಡಿದ ಮೇಲೆ ಒಂದೊಂದೇ ಹೊರಬಂತು. ಇದಕ್ಕೂ ಮುಂಚೆ ಬೇರೆ ಬೇರೆ ಏರಿಯಾಗಳಲ್ಲಿ ಅವನು ಇಬ್ಬರು ಹೆಂಗಸರ ಮೇಲೆ ಕೈ ಮಾಡಿದ್ದ. ಮೊದಲನೆಯವಳ ಮನೆಯವರು ಮರ್ಯಾದೆಗೆ ಅಂಜಿ ರಾಜಿಯಾಗಿದ್ದರು. ಎರಡನೆಯವಳು ಗಾಯಗಳ ಜೊತೆಗೇ ಕೋರ್ಟಿಗೆ ಹೋದಳು. ಅಲ್ಲಿ ಅವನ ತಾಯಿ, ಆ ಹೊತ್ತಿನಲ್ಲಿ ಮಗ ಮನೆಯಲ್ಲೇ ಊಟ ಮಾಡುತ್ತಿದ್ದ ಎಂದು ಸಾಕ್ಷಿ ಹೇಳಿದ್ದಳು. ಅವನು ಬಿಡುಗಡೆಯಾಗಿ ಹೊರಬಂದ. ತಾಯಿ ಮಗ ಮನೆ ಬದಲಾಯಿಸಿದರು, ನಮ್ಮ ತಲೆಯ ಮೇಲೆ ಬಂದು ಕೂತರು.

ಟೀವಿಯವರು ಬಂದಾಗ ಓನರ್ ಆಂಟಿ ಕ್ಯಾಮೆರಾ ಮುಂದೆ "ಹುಡುಗೀರು ಯಾವಾಗ್ಲೂ ಫೋನಲ್ಲೇ ಇರ್ತಿದ್ರು" ಎಂದರು. ನಾನು ಅವರ ಎದುರಿಗೇ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಅದು ಟೀವಿಯಲ್ಲಿ ಬರಲಿಲ್ಲ. ಮಾರನೇ ದಿನ ನನ್ನ ಸಾಮಾನು ಕಟ್ಟಿಕೊಂಡು ದಾಸರಹಳ್ಳಿಯ ಒಂದು ಪೀಜಿ ಸೇರಿದೆ.

ಕೇಸು ನಡೆಯಿತು, ಎರಡು ವರ್ಷಕ್ಕೂ ಮೇಲೆ. ಗೆಳತಿಯ ಅಪ್ಪ ಪಾವಗಡದ ಕಡೆಯಿಂದ ಪ್ರತಿ ಸಲವೂ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ಬಿಳಿ ಪಂಚೆ, ಕೈಯಲ್ಲೊಂದು ವೈರ್ ಬ್ಯಾಗು, ಅದರಲ್ಲಿ ನನಗೆಂದು ಹುರಿದ ಕಡ್ಲೆಕಾಯಿ. ಕೆಲವೊಮ್ಮೆ ಎರಡು ನಿಮಿಷಕ್ಕೆ ಮುಂದಿನ ತಾರೀಕು ಹಾಕುತ್ತಿದ್ದರು, ಆತ ಬಂದ ದಾರಿಗೇ ಹಿಂದಿರುಗುತ್ತಿದ್ದ. ನಾನು ನನ್ನ ಸಾಕ್ಷಿ ಹೇಳಿದೆ. ಅವನು ತಾರಸಿಯಲ್ಲಿ ನಿಲ್ಲುತ್ತಿದ್ದುದು, ನಾವು ದೂರು ಹೇಳಿದ್ದು ಎಲ್ಲವನ್ನೂ. ಅವನ ವಕೀಲ ನನ್ನ ಗೆಳತಿಯ ಫೋನಿನ ಬಗ್ಗೆಯೇ ಕೇಳಿದ. ನಾನು ಹಲ್ಲು ಕಚ್ಚಿಕೊಂಡು ಉತ್ತರ ಕೊಟ್ಟೆ.

ನಮ್ಮ ಕಡೆಯ ಸರ್ಕಾರಿ ವಕೀಲರು ಒಮ್ಮೆ ಬಿಡಿಸಿ ಹೇಳಿದರು. ಕೊಲ್ಲುವುದನ್ನು ಯಾರೂ ಕಂಡಿಲ್ಲ. ಕೈಮೇಲಿನ ಪರಚುಗಾಯ ಲೇತ್ ಕೆಲಸದಲ್ಲಿ ಆದದ್ದು ಅನ್ನುತ್ತಾನೆ. ವೇಲಿನ ಮೇಲೆ ಅವನ ಗುರುತು ಸಿಕ್ಕಿದೆ ಎಂಬ ಲ್ಯಾಬಿನ ವರದಿ ಇದೆ, ಆದರೆ ಒಂದೇ ಕಟ್ಟಡದವರು, ಬಟ್ಟೆ ಬಟ್ಟೆ ತಗುಲಿರುತ್ತದೆ ಎಂದು ಅವನ ವಕೀಲ ವಾದಿಸುತ್ತಾನೆ. ಉಳಿದದ್ದು ತಾಯಿಯ ಮಾತು. ಮಗ ಊಟಕ್ಕೆ ಬಂದಿದ್ದ, ಉಂಡು ಮಲಗಿದ ಎಂದು ಆಕೆ ಈ ಸಲವೂ ಪೊಲೀಸರಿಗೆ ಹೇಳಿದ್ದಾಳೆ. ಕೋರ್ಟಿನಲ್ಲೂ ಅದನ್ನೇ ಹೇಳಿದರೆ ಅವನು ಮತ್ತೆ ಕೈತಪ್ಪಿ ಹೋದರೂ ಹೋದಾನು.

ಅಂದಿನಿಂದ ಗೆಳತಿಯ ಅಪ್ಪನದು ಒಂದೇ ಪ್ರಶ್ನೆ. ಬಸ್ಸಿಳಿದು ಬಂದವನೇ, ನೀರು ಕೂಡ ಕುಡಿಯದೆ, "ಆಯಮ್ಮ ಏನ್ ಹೇಳ್ತಾಳಂತಮ್ಮ?" ಎನ್ನುತ್ತಿದ್ದ. ನನಗೇನು ಗೊತ್ತು? ಏನೋ ಒಂದು ಸಮಾಧಾನ ಹೇಳಿ ಟೀ ಕುಡಿಸಲು ಕರೆದುಕೊಂಡು ಹೋಗುತ್ತಿದ್ದೆ.

ಒಂದು ಸಂಜೆ ಶಿಫ್ಟು ಬಿಟ್ಟಾಗ ಫ್ಯಾಕ್ಟರಿ ಗೇಟಿನ ಎದುರು ಆ ಮುದುಕಿ ನಿಂತಿದ್ದಳು. ಅರ್ಧ ಇಳಿದು ಹೋಗಿದ್ದಳು. ಹೆಂಗಸರು ಸಾಲಾಗಿ ಹೊರಬರುತ್ತಿದ್ದರು, ಅವರ ನಡುವೆಯೇ ನಾನು ದನಿ ಎತ್ತಿದೆ.

"ಮಗನ್ನ ಉಳಿಸ್ಕೊಡು ಅಂತ ಕೇಳೋಕೆ ಬಂದ್ರಾ? ನನ್ನ ಸಾಕ್ಷಿ ಆಯ್ತು. ಹೋಗಿ."

"ಏನೂ ಕೇಳಾಕೆ ಬಂದಿಲ್ಲ ಕಣವ್ವ. ನಿನ್ನ ನೋಡ್ಬೇಕು ಅನ್ನುಸ್ತು."

"ಅವ್ನು ಎಂಥೋನು ಅಂತ ನಿಮ್ಗೆ ಗೊತ್ತಿತ್ತು. ಅದಕ್ಕೇ ತಾನೆ ಅವಳಿಗೆ ಮೇಲೆ ಹೋಗ್ಬೇಡ ಅಂದಿದ್ದು?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಗೊತ್ತಿತ್ತು. ಓದ್ಸಲ ಕೋರ್ಟಾಗೆ ಸುಳ್ಳು ಏಳ್ದೆ. ಮದ್ವೆ ಮಾಡಿದ್ರೆ ಸರಿ ಓಯ್ತಾನೆ ಅನ್ಕಂಡೆ. ಎಣ್ಣು ಯಾರೂ ಕೊಡ್ಲಿಲ್ಲ. ನಾನು ಜೊತೇಲಿದ್ರೆ ಕಣ್ಣಾಕಿ ಕಾಯ್ಬೋದು ಅನ್ಕಂಡು ಅವ್ನ ಇಂದಿಂದೇ ಬಂದೆ."

"ಕಾದ್ರಾ?"

"ಅವತ್ತು ರೇಷನ್ ತರಾಕೆ ಓಗಿದ್ದೆ ಕಣವ್ವ. ಬಂದು ಮುದ್ದೆಗೆ ಎಸರಿಟ್ಟೆ."

ಹೊಡೆಯಬೇಕೆನಿಸಿತು. ಸುಳ್ಳಲ್ಲ, ಕೈ ನಿಜವಾಗಿ ಎದ್ದಿತ್ತು. ಪಕ್ಕದ ಹೆಂಗಸರು ನೋಡುತ್ತಿದ್ದರು, ಇಳಿಸಿದೆ. "ಈ ಸಲ ಕೋರ್ಟಲ್ಲಿ ಏನ್ ಹೇಳ್ತೀರಾ?" ಎಂದು ಕೇಳಿದೆ. ಗೆಳತಿಯ ಅಪ್ಪನ ಪ್ರಶ್ನೆಯೇ ನನ್ನ ಬಾಯಲ್ಲಿ ಬಂದಿತ್ತು.

"ಎತ್ತ ಒಟ್ಟೆ ಕಣವ್ವ" ಎಂದಳು. ಅಷ್ಟು ಹೇಳಿ ಬಸ್ ಸ್ಟಾಪಿನ ಕಡೆ ಕುಂಟುತ್ತಾ ಹೋದಳು. ಹೆತ್ತ ಹೊಟ್ಟೆಯಂತೆ, ಈ ಸಲವೂ ಸುಳ್ಳೇ ಹೇಳುತ್ತಾಳೆ ಎಂದುಕೊಂಡೆ. ಗೆಳತಿಯ ಅಪ್ಪನಿಗೆ ಇದನ್ನು ಹೇಳಲಿಲ್ಲ, ಹೇಳಿ ಆತನ ನಿದ್ದೆ ಕೆಡಿಸುವುದು ಬೇಡವೆನಿಸಿತು.

ಆಕೆಯ ಸಾಕ್ಷಿಯ ದಿನ ಬಂತು. ಅವನ ವಕೀಲನೇ ಅವಳನ್ನು ಕರೆಸಿದ್ದ. ಅವನು ಪೊಲೀಸರ ನಡುವೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ತಾಯಿ ಒಳಗೆ ಬಂದಾಗ ತಲೆಯೆತ್ತಿ ಕೂಡ ನೋಡಲಿಲ್ಲ, ಅವಳು ಏನು ಹೇಳುತ್ತಾಳೆಂದು ಗೊತ್ತಿದ್ದವನ ಹಾಗೆ. ನನ್ನ ಪಕ್ಕದಲ್ಲಿ ಗೆಳತಿಯ ಅಪ್ಪ ವೈರ್ ಬ್ಯಾಗನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದ.

"ಅವತ್ತು ಮಧ್ಯಾಹ್ನ ನಿಮ್ಮ ಮಗ ಎಲ್ಲಿದ್ದ? ಹೇಳಿ ಅಮ್ಮ" ಎಂದ ವಕೀಲ.

"ಉಣ್ಣಾಕೆ ಬರ್ಲಿಲ್ಲ ಸ್ವಾಮಿ."

ವಕೀಲ ನಕ್ಕ. "ಗಾಬರಿ ಆಗ್ಬೇಡಿ. ನೆನಪು ಮಾಡ್ಕೊಂಡು ಹೇಳಿ. ಮನೇಲಿ ಊಟ ಮಾಡ್ತಿದ್ದ, ಅಲ್ವಾ?"

"ಮುದ್ದೆ ಕಟ್ಟಿ ಮಡಗಿದ್ದೆ, ಆರೋಯ್ತು. ಆಮ್ಯಾಕೆ ಮ್ಯಾಗಿಂದ ಇಳ್ದು ಬಂದ. ಕೈಯೆಲ್ಲಾ ಪರ್ಚಿತ್ತು, ರಕ್ತ. ಏನ್ಲಾ ಇದು ಅಂದೆ. ಯಾರಾರಾ ಕೇಳಿದ್ರೆ ನೀನು ಮಾಮೂಲಿ ಏಳ್ದಂಗೇ ಏಳು ಅಂದ."

ವಕೀಲ ತನ್ನ ಫೈಲು ಮುಚ್ಚಿದ. ಮಗ ಈಗ ತಲೆಯೆತ್ತಿದ್ದ. "ಅವ್ವಾ" ಎಂದು ಒಂದು ಸಲ ಕೂಗಿದ. ಪೊಲೀಸಿನವನು ಅವನ ಭುಜ ಒತ್ತಿದ. ಆಕೆ ಆ ಕಡೆ ತಿರುಗಲಿಲ್ಲ. ಹೋದ ಸಲ ಕೋರ್ಟಿನಲ್ಲಿ ಹೇಳಿದ್ದೂ ಸುಳ್ಳೇ ಎಂದು ಯಾರೂ ಕೇಳದೆಯೇ ನ್ಯಾಯಾಧೀಶರಿಗೆ ಹೇಳಿದಳು. ಅವರು ನಿಧಾನವಾಗಿ ಹೇಳಿ ಎಂದರು, ಅವಳು ನಿಧಾನವಾಗಿ ಇನ್ನೊಮ್ಮೆ ಹೇಳಿದಳು.

ಅವನಿಗೆ ಜೀವಾವಧಿ ಶಿಕ್ಷೆಯಾಯಿತು, ಅದು ಆಮೇಲಿನ ಮಾತು. ಅವತ್ತು ಸಾಕ್ಷಿ ಮುಗಿದ ಮೇಲೆ ನಾವು ಕೋರ್ಟಿನ ವರಾಂಡಕ್ಕೆ ಬಂದೆವು. ಮುದುಕಿ ಗೋಡೆ ಹಿಡಿದುಕೊಂಡು ಒಬ್ಬಳೇ ಬರುತ್ತಿದ್ದಳು. ಅವಳನ್ನು ಕರೆತಂದಿದ್ದ ವಕೀಲ ಅವಳನ್ನು ದಾಟಿಕೊಂಡು ಬಿರಬಿರನೆ ಹೋಗಿಬಿಟ್ಟ. ಗೆಳತಿಯ ಅಪ್ಪ ಆಕೆಯ ಮುಂದೆ ಹೋಗಿ ನಿಂತ. ಕೈ ಮುಗಿಯುತ್ತಾನೋ, ಹೊಡೆಯುತ್ತಾನೋ ನನಗೆ ತಿಳಿಯಲಿಲ್ಲ. ನಾನೂ ಹಿಂದೆಯೇ ಓಡಿದೆ.

ಆತ ಕೈ ಮುಗಿಯಲೂ ಇಲ್ಲ, ಹೊಡೆಯಲೂ ಇಲ್ಲ. ದನಿ ಎತ್ತರಿಸದೆ, ದಾರಿ ಕೇಳುವಷ್ಟು ಸಾವಧಾನವಾಗಿ ಕೇಳಿದ.

"ಹೋದ್ಸಲಾನೇ ಹಿಂಗೆ ಹೇಳಿದ್ರೆ ನನ್ನ ಮಗ್ಳು ಬದುಕಿರೋಳಲ್ವೇನಮ್ಮ?"

ಮುದುಕಿ ಅಳಲಿಲ್ಲ, ಅವನ ಕಾಲಿಗೂ ಬೀಳಲಿಲ್ಲ. ಗೋಡೆಯಿಂದ ಕೈ ತೆಗೆದು ನೆಟ್ಟಗೆ ನಿಂತುಕೊಂಡಳು.

"ಊಂ ಕಣಪ್ಪ" ಎಂದಳು. "ಬದ್ಕಿರೋಳು."