ಮೇಡಂ ಕೊನೆಗೆ ಆಡಿದ ಮಾತು

ಮೊನ್ನೆ ಎಸ್-ಬಾನ್ ರೈಲಿನಲ್ಲಿ ಪಕ್ಕದ ಸೀಟಿನ ಅಜ್ಜಿಯೊಬ್ಬರು ಪುಟ್ಟ ಬಾಟಲಿಯಿಂದ ನಿಂಬೆ ವಾಸನೆಯ ಕಲೋನ್ ಅಂಗೈಗೆ ಸುರಿದುಕೊಂಡು ಉಜ್ಜಿದರು. ನಮ್ಮ ಟರ್ಕಿಶ್ ಮೇಡಂ ಕೋಣೆಯ ವಾಸನೆ ಅದು. ಯಾರೇ ಒಳಗೆ ಬಂದರೂ ಮೊದಲು ಕೈ ಒಡ್ಡಬೇಕು, ಅವರು ಕಲೋನ್ ಹಾಕಬೇಕು, ಆಮೇಲೆ ಪಾಠ...

ಗಂಡನ ಕೆಲಸಕ್ಕಾಗಿ ಜರ್ಮನಿಯ ಸೇಂಟ್ ಲಿಯೋನ್-ರೋಟ್‌ಗೆ ಬಂದಿದ್ದ ನಾನು ಹೈಡೆಲ್‌ಬರ್ಗ್‌ನಲ್ಲಿ ಟರ್ಕಿಶ್ ಭಾಷೆ, ಸಾಹಿತ್ಯದ ಎಂ.ಎ. ಸೇರಿದಾಗ ಗೆಳತಿಯರು ನಕ್ಕಿದ್ದರು. ಮೇಡಂ ನಗಲಿಲ್ಲ. ನಮ್ಮ ವಿಜಯಪುರದಲ್ಲಿ ಕೋಟೆಯ ಮೇಲೆ ದೊಡ್ಡದೊಂದು ಫಿರಂಗಿ, ತೋಪು ಇದೆ ಎಂದಾಗ, "ತೋಪು! ಅದು ನಮ್ಮ ಟರ್ಕಿಶ್ ಮಾತು!" ಎಂದು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಅವರ ಟರ್ಕಿಶ್ ಬಹಳ ಶುದ್ಧ. ನಾವು ಒಂದು ಸ್ವರ ತಪ್ಪಿದರೂ ಬೆರಳೆತ್ತಿ, "ಮತ್ತೆ ಹೇಳು," ಎನ್ನುತ್ತಿದ್ದರು.

ನಾನು ಪ್ರಬಂಧ ಬರೆಯುತ್ತಿದ್ದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಗೆ ಓಡಿದೆ. ಅವರ ಮಗಳು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು ಜರ್ಮನ್‌ನಲ್ಲಿ ಹೇಳಿದಳು: "ಅಮ್ಮ ಏನೋ ಕೇಳ್ತಾ ಇದಾರೆ. ನನ್ನ ಟರ್ಕಿಶ್ ಅರ್ಧಂಬರ್ಧ. ನೀವು ಒಂದ್ಸಲ ಕೇಳಿಸ್ಕೊಳ್ಳಿ."

ಬಗ್ಗಿ ಕಿವಿಯಿಟ್ಟೆ. ಒಂದು ಪದವೂ ತಿಳಿಯಲಿಲ್ಲ. ಅದು ತೊದಲಲ್ಲ, ಪೂರ್ತಿ ಮಾತು. ಏನನ್ನೋ ಬೇಡುವ ಅವಸರದ ಮಾತು. ಆದರೆ ಟರ್ಕಿಶ್ ಅಲ್ಲ, ಜರ್ಮನ್ನೂ ಅಲ್ಲ. ನಾನು ಟರ್ಕಿಶ್‌ನಲ್ಲಿ "ಮೇಡಂ, ನಾನು ಬಂದಿದ್ದೇನೆ," ಎಂದರೆ ಗುರುತಿಲ್ಲದವರ ಹಾಗೆ ನೋಡಿದರು. ನಡುನಡುವೆ "ದಾಯೇ, ದಾಯೇ" ಎನ್ನುತ್ತಿದ್ದರು. ನನ್ನ ಕಿವಿಗೆ ಅದು "ತಾಯೇ" ಎಂದೇ ಕೇಳಿಸಿತು.

ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ. "ಮೇಡಂ ಏನ್ ಮಾತಾಡಾಕತ್ತಾರಂತ ಗೊತ್ತಾಗವಲ್ದು ರೀ."

"ನಿನಗ ಟರ್ಕಿಶ್ ಬರ್ತದಲ್ಲ?"

"ಟರ್ಕಿಶ್ ಅಲ್ರೀ ಅದು!"

ಕೊನೆಗೆ ಮಗಳು ಟರ್ಕಿಯ ಊರಿನಲ್ಲಿದ್ದ ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ತಂಗಿಯ ದನಿ ಕೇಳಿದ್ದೇ ಆ ಮುದುಕಿ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡರು. ಆಮೇಲೆ ಅದೇ ಭಾಷೆಯಲ್ಲಿ ಮೆಲ್ಲಗೆ ಏನೋ ಅಂದರು. ಮೇಡಂ ಸುಮ್ಮನಾದರು. ಮುಖದ ಬಿಗಿ ಸಡಿಲಿತು.

"ಕುರ್ದಿಶ್, ನಮ್ಮ ಮನೆಮಾತು," ಎಂದರು ಮೇಡಂ ಅವರ ಅಕ್ಕ, ನನ್ನತ್ತ ತಿರುಗಿ ಟರ್ಕಿಶ್‌ನಲ್ಲಿ. "ದಾಯೇ ಅಂದ್ರೆ ಅಮ್ಮ. ನೀರು ಕೊಡು ಅಂತ ಅಮ್ಮನ್ನ ಕೇಳ್ತಿದ್ದಾಳೆ. ಈ ಮಾತಾಡಿದ್ದಕ್ಕೆ ಶಾಲೆಯಲ್ಲಿ ಹೊಡೆದಿದ್ರು. ಅವತ್ತು ಬಿಟ್ಟವಳು ಮತ್ತೆ ಆಡಲೇ ಇಲ್ಲ. ಅಮ್ಮ ಸಾಯೋವಾಗ್ಲೂ ಟರ್ಕಿಶ್‌ನಲ್ಲೇ ಉತ್ತರ ಕೊಟ್ಟಳು... ಅಮ್ಮನಿಗೆ ಟರ್ಕಿಶ್ ಬರ್ತಿರಲಿಲ್ಲ."

ಮಗಳು ಮಂಚದ ಕಂಬಿ ಹಿಡಿದು ನಿಂತೇ ಇದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ತನ್ನ ತಾಯಿಗೆ ಇನ್ನೊಂದು ಭಾಷೆ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಆ ವಾರವೇ ಮೇಡಂ ಹೋಗಿಬಿಟ್ಟರು. ಅಲ್ಲಿಯವರೆಗೂ ಟರ್ಕಿಶ್ ಅವರ ಬಾಯಿಗೆ ಮರಳಲಿಲ್ಲ.

ಬೇರೆ ಪ್ರೊಫೆಸರ್ ಕೆಳಗೆ ನನ್ನ ಎಂ.ಎ. ಮುಗಿಯಿತು. ಮೇಡಂ ತಿದ್ದಿದ ನನ್ನ ಉಚ್ಚಾರ ಚೆನ್ನಾಗಿದೆ ಎಂದು ಜನ ಹೊಗಳಿದರೆ ಇವತ್ತಿಗೂ ಮಾತು ಬದಲಿಸಿಬಿಡುತ್ತೇನೆ.

ಹೋದ ವಾರ ಅವರ ಮಗಳು ಫೋನ್ ಮಾಡಿದ್ದಳು. ಕುರ್ದಿಶ್ ತರಗತಿಗೆ ಸೇರಿದ್ದಾಳಂತೆ. "ಮೊದಲ ದಿನವೇ ಅಮ್ಮ ಅನ್ನೋದನ್ನ ಹೇಳಿಕೊಟ್ರು," ಎಂದಳು. "ಕ್ಲಾಸಲ್ಲಿ ಎಲ್ಲರೂ ಹೇಳಿದ್ರು. ನನ್ನ ಕೈಲಿ ಆಗ್ಲಿಲ್ಲ."