ಕಣಜದ ರಾಣಿಯ ಕೊನೆಯ ಪದ

ಜೇವರ್ಗಿಯಲ್ಲಿರುವ ನನ್ನ ಸೋದರಮಾವ ವಯಸ್ಸಿನಲ್ಲಿದ್ದಾಗ ಸಣ್ಣಾಟವೆಂಬ ಬಯಲಾಟದಲ್ಲಿ ರಾಣಿಯ ಪಾರ್ಟು ಮಾಡುತ್ತಿದ್ದ. ಆಗ ಹೆಂಗಸರ ಪಾರ್ಟನ್ನು ಗಂಡಸರೇ ಮಾಡಬೇಕಿತ್ತು. ಮಾವನಿಗೆ ಸೀರೆ ಉಡುವುದು ನನ್ನ ಅತ್ತೆಗಿಂತ ಚೆನ್ನಾಗಿ ಬರುತ್ತಿತ್ತು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅತ್ತೆಯೂ ಅದನ್ನು ಒಪ್ಪಿಕೊಂಡಿದ್ದಳು.

ಅವನು ಹೆಚ್ಚು ಮಾಡಿದ್ದು 'ಕಣಜದ ರಾಣಿ' ಎಂಬ ಆಟ. ಅದನ್ನು ಬರೆದವರು ಅಫಜಲಪುರದ ಕಡೆಯ ಒಬ್ಬ ಸಾಲಿ ಮಾಸ್ತರರು. ಮಾವ ಅವರನ್ನು ಗುರುಗಳು ಎಂದೇ ಕರೆಯುತ್ತಾನೆ. ಕತೆ ಸರಳ. ರಾಜ ದಂಡಿಗೆ ಹೋಗುವಾಗ ಕಣಜದ ಕೀಲಿಕೈ ರಾಣಿಯ ಕೈಗೆ ಕೊಟ್ಟು ಹೋಗುತ್ತಾನೆ. ಬರ ಬೀಳುತ್ತದೆ. ರಾಣಿ ಕಣಜ ತೆಗೆದು ಊರಿಗೆ ಉಣ್ಣಿಸುತ್ತಾಳೆ. ರಾಜ ಬಂದು ನೋಡಿದರೆ ಕಣಜ ಖಾಲಿ. ಅವನಿಗೆ ಸಿಟ್ಟು ಬರುತ್ತದೆ.

ಈ ಆಟ ಪುಸ್ತಕವಾಗಿ ಅಚ್ಚಾಗಿದೆ. ಅಫಜಲಪುರದ ಒಂದು ಪ್ರೆಸ್ಸಿನವರು ತೆಳ್ಳನೆಯ ಗುಲಾಬಿ ಹೊದಿಕೆ ಹಾಕಿ ತೆಗೆದಿದ್ದರು. ಗುರುಗಳು ತೀರಿಕೊಂಡ ಮೇಲೆ ಎಲ್ಲ ಊರಿನವರೂ ಅದನ್ನೇ ಹಿಡಿದು ಆಡುತ್ತಾರೆ. ಪುಸ್ತಕದ ಕಡೆಯ ಸೀನಿನಲ್ಲಿ ರಾಣಿ ರಾಜನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನುತ್ತಾಳೆ, ರಾಜ ಕ್ಷಮಿಸುತ್ತಾನೆ, ಮಂಗಳ. ಮೊಳೆ ಜೋಡಿಸಿದವರ ತಪ್ಪುಗಳೂ ಇದ್ದವು. ರಾಜ 'ಕತ್ತಿ ಹಿಡಿದು ಬರುವನು' ಎಂದಿರಬೇಕಾದಲ್ಲಿ 'ಕತ್ತೆ ಹಿಡಿದು ಬರುವನು' ಎಂದು ಅಚ್ಚಾಗಿತ್ತು. ಒಂದು ಊರಿನವರು ಕತ್ತೆಯನ್ನೇ ತಂದರು. ಪುಸ್ತಕದಲ್ಲಿ ಇದ್ದದ್ದನ್ನು ಬಿಡಬಾರದು ಎಂಬುದು ಅವರ ವಾದ. ಕತ್ತೆ ಗಲಾಟೆ ಮಾಡದೆ ನಿಂತಿತಂತೆ.

ನಾನು ಅಫಜಲಪುರದಲ್ಲಿ ಕನ್ನಡ ಕಲಿಸುತ್ತೇನೆ. ಒಮ್ಮೆ ಜೇವರ್ಗಿಗೆ ಹೋದಾಗ ಆ ಪುಸ್ತಕವನ್ನು ಮಾವನ ಮುಂದೆ ಇಟ್ಟೆ. ಅವನು ಕೊನೆಯ ಪುಟ ಓದಿ ಕನ್ನಡಕ ತೆಗೆದ.

"ಇದು ಆಟ ಅಲ್ಲ ಬೇ. ರಾಣಿ ಕಾಲಿಗೆ ಬೀಳೂದಿಲ್ಲ. ಕೀಲಿಕೈ ಒಗದು, ಪದ ಹಾಡಿ, ಕ್ವಾಟಿ ಬಿಟ್ಟು ಹೋಗ್ತಾಳ. ರಾಜ ಹಿಂದ ಬರಬೇಕು."

"ಯಾವ ಪದ ಮಾಮಾ?"

ಅವನು ಹಾಡಿದ. ಮಾತುಗಳು ಸ್ಪಷ್ಟವಾಗಿದ್ದವು, ಧಾಟಿ ಇರಲಿಲ್ಲ. ಈಗ ಅವನು ಮಂಗಳಾರತಿಯಿಂದ ಜೋಗುಳದವರೆಗೆ ಎಲ್ಲವನ್ನೂ ಒಂದೇ ಧಾಟಿಯಲ್ಲಿ ಹಾಡುತ್ತಾನೆ.

'ಕೀಲಿಕೈ ತಗೋ ದೊರಿಯೆ, ಕಣಜಾನೂ ತಗೋ,
ಹಸದವರು ಉಂಡದ್ದು ಹೊಳ್ಳಿ ಬರೂದಿಲ್ಲ.'

ಹೀಗೆ ನಾಲ್ಕು ನುಡಿ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. "ಗುರುಗಳೇ ನನಗ ಬಾಯಿಪಾಠ ಮಾಡಿಸಿದ್ದು" ಎಂದ ಮಾವ. "ಪ್ರೆಸ್ಸಿನವರು ನುಂಗ್ಯಾರ."

ನನಗೆ ಅದು ಸರಿಯೆನಿಸಿತು. ಪ್ರೆಸ್ಸು ಮುಚ್ಚಿ ಬಹಳ ದಿನವಾಗಿದೆ. ಅದೇ ಜಾಗದಲ್ಲಿ ಮಾಲೀಕರ ಮೊಮ್ಮಗ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಅವನನ್ನು ಕೇಳಿದೆ. "ಅಜ್ಜ ಹಾಳಿ ಉಳಿಸಾಕ ಕಡದಿರಬೇಕ್ರಿ ಮೇಡಂ" ಎಂದ. ಅವನು ಅಜ್ಜನನ್ನು ನೋಡಿಯೇ ಇರಲಿಲ್ಲ. ಆದರೂ ನಾನು ಆ ಮಾತನ್ನು ಆಧಾರ ಎಂದು ತೆಗೆದುಕೊಂಡೆ. ಆಟದ ಮೂಲ ಪಾಠವನ್ನು ಅಚ್ಚು ಹಾಕಿಸುವುದೆಂದು ನಿಶ್ಚಯಿಸಿ ಮುನ್ನುಡಿ ಬರೆಯಲು ಕುಳಿತೆ. ಕಾಗದ ಉಳಿಸುವವರ ಕೈಯಲ್ಲಿ ಕಲೆ ಹೇಗೆ ಹಾಳಾಗುತ್ತದೆ ಎಂಬ ಬಗ್ಗೆ ಗಂಭೀರವಾದ ಒಂದು ಪ್ಯಾರಾ ಅದರಲ್ಲಿತ್ತು.

ಅಷ್ಟರಲ್ಲಿ ಭೂಸನೂರ ಹತ್ತಿರದ ಒಂದು ಹಳ್ಳಿಯಿಂದ ಫೋನು ಬಂತು. ಕಬ್ಬಿನ ಹಂಗಾಮು ಮುಗಿದ ಮೇಲೆ ಅಲ್ಲಿಯವರು ಇದೇ ಆಟ ಆಡಿಸುವವರಿದ್ದರು. ರಾಣಿಯ ಪಾರ್ಟು ಆ ಊರಿನ ಅಂಗನವಾಡಿ ಟೀಚರಿನದು. ಫೋನು ಮಾಡಿದವಳೂ ಅವಳೇ.

"ಮೇಡಂ, ಕಡೀ ಸೀನು ಬ್ಯಾರೆ ಅದ ಅಂತ ಕೇಳೀನ್ರಿ. ನನಗ ಅದು ಬೇಕ್ರಿ. ಊರಿಗೆ ಅನ್ನ ಹಾಕಿ ಮತ್ತ ನಾನೇ ಕಾಲಿಗೆ ಬೀಳೂದಂದ್ರ ನನ್ನ ಕಡಿಂದ ಆಗೂದಿಲ್ರಿ. ರಾಜನ ಪಾರ್ಟು ನನ್ನ ಮೈದುನಂದು."

"ಪದ ಅದ. ಧಾಟಿ ಇಲ್ಲ" ಎಂದೆ.

"ಧಾಟಿ ಹುಡುಕ್ರಿ" ಎಂದು ಫೋನು ಇಟ್ಟಳು.

ಧಾಟಿ ಗೊತ್ತಿರಬಹುದಾದವರು ಒಬ್ಬರೇ ಉಳಿದಿದ್ದರು. ಆ ಕಾಲದಲ್ಲಿ ಮಾವನ ಆಟಕ್ಕೆ ಹಾರ್ಮೋನಿಯಂ ಬಾರಿಸುತ್ತಿದ್ದವರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಹಾಗಾಗಿ ಅವರು ಪೇಟಿ ಮಾಸ್ತರು. ಆಳಂದದಲ್ಲಿ ಮಗನ ಮನೆಯಲ್ಲಿದ್ದರು. ಆಟ ಬಿಟ್ಟ ಮೇಲೆ ಮಾವ ಮತ್ತು ಅವರು ಭೇಟಿಯಾಗಿರಲಿಲ್ಲ. ಜಗಳವೇನೂ ಇರಲಿಲ್ಲ. ಜೇವರ್ಗಿಯಿಂದ ಆಳಂದಕ್ಕೆ ಹೋಗಬೇಕೆಂದರೆ ಕಲಬುರಗಿಯಲ್ಲಿ ಬಸ್ಸು ಬದಲಿಸಬೇಕು, ಅಷ್ಟೇ.

ಮಾವನನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವನು ಪಕ್ಕದವರಿಗೆಲ್ಲ ತಾನು ರಾಣಿಯಾಗಿದ್ದ ವಿಷಯ ಹೇಳಿದ. ಅವರು ಸರಿದು ಕುಳಿತರು.

ಪೇಟಿ ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಇಬ್ಬರೂ ತಬ್ಬಿಕೊಂಡರು. ನಂತರ ಯಾರಿಗೆ ಎಷ್ಟು ಹಲ್ಲು ಉಳಿದಿವೆ ಎಂಬ ಮಾತಾಯಿತು. ಸೊಸೆ ಚಹಾ ತಂದಳು. ನಾನು ಕೊನೆಯ ಪದದ ಮಾತು ತೆಗೆದೆ. ಮಾವ ತನ್ನ ಒಂದೇ ಧಾಟಿಯಲ್ಲಿ ಹಾಡಿದ. ಮಾಸ್ತರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಧಾಟಿ ಗೊತ್ತದ ಬೇಟಾ. ಖರೇ ಈ ಪದ ಆಟದಾಗ ಇದ್ದಿಲ್ಲ."

"ಪುಸ್ತಕದಾಗ ಇಲ್ರಿ. ಪ್ರೆಸ್ಸಿನವರು ತಗದಾರ" ಎಂದೆ.

"ಪ್ರೆಸ್ಸಿನವರ ಪಾಪ ಯಾಕ ಕಟ್ಕೋತಿ? ಗುರುಗಳು ಬರದಿದ್ದೇ ಹಂಗ. ರಾಣಿ ಕಾಲಿಗೆ ಬೀಳ್ತಾಳ, ಮಂಗಳ."

ಮಾವ ಕಪ್ಪು ಕೆಳಗಿಟ್ಟ. "ಮಾಸ್ತರ್, ನಿಮಗ ವಯಸ್ಸಾತು."

"ನಿನಗಿಂತ ಸಣ್ಣವ ಅದೀನಿ. ಪುಸ್ತಕ ಅಚ್ಚಾದ ಮ್ಯಾಲ ಚೌಡಾಪುರದಾಗ ಆಟ ಇತ್ತಲ್ಲ, ನೆನಪದನು? ಕಡೀ ಸೀನಿಗೆ ರಾಜನ ಮೀಸಿ ಬಿಚ್ಚಿತು. ಅಂವ ಮೀಸಿ ಹಿಡ್ಕೊಂಡು ಒಳಗ ಓಡಿದ. ಅಂಟು ಸಿಗಲಿಲ್ಲ, ಹೊರಗ ಬರವಲ್ಲ. ನೀ ಒಬ್ಬನೇ ನಿಂತಿ. ಬೀಳಬೇಕಂದ್ರ ಅಲ್ಲಿ ಕಾಲೇ ಇದ್ದಿಲ್ಲ."

ಮಾವ ಅವರ ಕಡೆ ತಿರುಗಿ ಕುಳಿತ.

"ಮಂದಿ ಸುಮ್ಮ ಕುಂತಾರ. ನೀ ಕೀಲಿಕೈ ಒಗದಿ. ಒಗದು ಹಾಡಾಕ ಹತ್ತಿದಿ. ಯಾ ಪದ ಅಂತ ನನಗ ತಿಳೀಲಿಲ್ಲ, ನಿನ್ನ ಬೆನ್ನು ಹತ್ತಿ ಬಾರಿಸಿದೆ. ನಾಲ್ಕು ನುಡಿ ಹಾಡಿ ನೀ ಮಂದ್ಯಾಗ ಇಳದು ಹೋದಿ. ಮರುದಿನ ಮುಂದಿನ ಊರಿನವರು ಬಂದು, ಹಾಡಿ ಹೋಗೂ ಆಟನೇ ನಮಗ ಬೇಕು ಅಂದ್ರು."

"ಮೀಸಿ ಬಿಚ್ಚಿದ್ದು ನೆನಪದ" ಎಂದ ಮಾವ ನಿಧಾನವಾಗಿ. ಅದರ ಮುಂದಿನದು ಅವನಿಗೆ ನೆನಪಿರಲಿಲ್ಲ.

ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಆ ಪದ ಅವನದೇ, ಅದೂ ನಿಂತ ನಿಲುವಿನಲ್ಲಿ ಕಟ್ಟಿದ್ದು. ಆದರೆ ಅವನ ಮುಖ ಸಣ್ಣದಾಯಿತು. ಗೋಡೆಯ ಕಡೆ ನೋಡುತ್ತ ಹೇಳಿದ: "ಗುರುಗಳ ಆಟಕ್ಕ ನಾ ಕೈ ಹಚ್ಚಿದಂಗಾತು. ಅವರ ಪುಸ್ತಕಾನೇ ಖರೇ. ನಾನೇ ಸುಳ್ಳು."

ಮೂಲ ಎಂದು ನಾನು ಹುಡುಕುತ್ತಿದ್ದದ್ದು ಮೂಲವಲ್ಲ, ತಪ್ಪು ಎಂದು ಬೈದಿದ್ದ ಪುಸ್ತಕವೇ ಮೂಲ. ಮುನ್ನುಡಿಯ ಗಂಭೀರ ಪ್ಯಾರಾ ನನ್ನ ಚೀಲದಲ್ಲೇ ಇತ್ತು. ಹೊರಗೆ ತೆಗೆಯಲಿಲ್ಲ.

ಪೇಟಿ ಮಾಸ್ತರು ಸರಿದು ಬಂದು ಮಾವನ ಮೊಣಕಾಲ ಮೇಲೆ ಕೈಯಿಟ್ಟರು. "ಅವತ್ತು ತಾಳ ಯಾರ ಕೈಯಾಗ ಇತ್ತು?"

ಮಾವ ತಲೆಯೆತ್ತಿದ.

"ಗುರುಗಳ ಕೈಯಾಗ. ನನ್ನ ಬಾಜೂಕೇ ಕುಂತಿದ್ರು. ಬ್ಯಾಡ ಅನ್ನೂದಿತ್ತಂದ್ರ ತಾಳ ನಿಲ್ಲಸ್ತಿದ್ರು. ಎಂಥೆಂಥವರಿಗೆ ನಿಲ್ಲಿಸ್ಯಾರ. ನಿನ್ನ ನಾಲ್ಕೂ ನುಡಿಗೆ ಹಾಕಿದ್ರು. ಆಮ್ಯಾಲ ನಿನಗ ಕುಂದ್ರಿಸಿ ಬಾಯಿಪಾಠ ಮಾಡಿಸಿದ್ರು, ಮುಂದಿನ ಊರಾಗ ನೀ ಬ್ಯಾರೆ ಹಾಡಬಾರದು ಅಂತ."

ಮಾವ ಅಳುತ್ತಾನೆಂದು ಅನಿಸಿತು. ಅವನು ಮೂಗು ಒರೆಸಿಕೊಂಡು, "ಪೇಟಿ ತಗೀರಿ" ಎಂದ.

ಮಾಸ್ತರು ಮಂಚದ ಕೆಳಗಿನಿಂದ ಪೇಟಿ ಎಳೆದರು. ಎರಡು ಸ್ವರ ಹೊರಡುತ್ತಿರಲಿಲ್ಲ. ಆ ಸ್ವರ ಬಂದಲ್ಲಿ ಅವರು ಬಾಯಿಯಿಂದಲೇ ಹೇಳುತ್ತಿದ್ದರು. ಮೊದಲ ನುಡಿಯಲ್ಲಿ ಮಾವ ತನ್ನ ಹಳೆಯ ಒಂದೇ ಧಾಟಿಯಲ್ಲಿದ್ದ. ಎರಡನೆಯದಕ್ಕೆ ಪೇಟಿ ಅವನನ್ನು ಎಳೆದುಕೊಂಡಿತು. ಸೊಸೆ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಒಲೆಯ ಮೇಲೆ ಹಾಲು ಉಕ್ಕಿತು.

ಆಮೇಲೆ ಅಚ್ಚಿನ ವಿಚಾರ. ನಾನು ಮುನ್ನುಡಿ ಹರಿದುಹಾಕಿ ಮೊದಲಿನಿಂದ ಬರೆದೆ. ಗುರುಗಳು ಬರೆದ ಕೊನೆಯನ್ನು ಇದ್ದ ಹಾಗೇ ಇಟ್ಟೆ. ಅದರ ಕೆಳಗೆ ಪದವನ್ನು ಹಾಕಿ, ಇದು ರಂಗದ ಮೇಲೆ ಹುಟ್ಟಿದ್ದು, ಆಟ ಬರೆದವರೇ ತಾಳ ಹಾಕಿ ಒಪ್ಪಿದ್ದು ಎಂದು ಬರೆದೆ. ಆಡುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಕತ್ತೆಯನ್ನು ಕತ್ತಿ ಮಾಡಿದೆ. ಇದಕ್ಕೆ ಒಂದು ಊರಿನಿಂದ ಆಕ್ಷೇಪಣೆ ಬಂತು.

ಭೂಸನೂರ ಕಡೆಯ ಹಳ್ಳಿಯಲ್ಲಿ ಹೊತ್ತು ಮುಳುಗುತ್ತಲೇ ಆಟ ಶುರುವಾಯಿತು. ಮಾವ ಮತ್ತು ಪೇಟಿ ಮಾಸ್ತರು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ಅಂಗನವಾಡಿ ಟೀಚರಿನ ದನಿ ದೊಡ್ಡದು, ದಿನಾ ಮಕ್ಕಳನ್ನು ಕೂಗುವ ದನಿ. ಅವಳು ಕೀಲಿಕೈ ಒಗೆದಾಗ ಅದು ಹಲಗೆಯ ಮೇಲೆ ಜಾರಿ ರಾಜನ ಕಾಲಿನ ತನಕ ಹೋಯಿತು. ನಾಲ್ಕು ನುಡಿ ಹಾಡಿ ಮೆಟ್ಟಿಲಿಳಿದು ಮಂದಿಯ ನಡುವೆ ನಡೆದಳು. ಹೆಂಗಸರು ಸರಿದು ದಾರಿ ಬಿಟ್ಟರು. ಒಬ್ಬ ಮುದುಕಿ ಅವಳ ಸೀರೆಯ ಸೆರಗು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮೈದುನ ರಂಗದ ಮೇಲೆ ಒಬ್ಬನೇ ಉಳಿದ. ಪುಸ್ತಕದಲ್ಲಿ ರಾಜ ಮುಂದೇನು ಮಾಡಬೇಕೆಂದು ನಾನು ಬರೆದಿರಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು, ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಅತ್ತಿಗೆಯ ಹಿಂದೆ ಹೋದ.

"ಎರಡನೇ ನುಡಿ ಲಗೂ ಹಾಡಿದ್ಲು" ಎಂದ ಮಾವ. ಅವನ ಕೆನ್ನೆ ಒದ್ದೆಯಾಗಿತ್ತು.

ಅಂದಿನಿಂದ ಅವನಿಗೆ ಬೇರೆ ಸಂಶಯ ಶುರುವಾಗಿದೆ. ಮೊದಲ ಸೀನಿನ ಗಿಳಿಯ ಪದವೂ ತನ್ನದೇ ಇರಬೇಕು ಎನ್ನುತ್ತಾನೆ. ಅದು ಗುರುಗಳದೇ ಎಂದು ಪೇಟಿ ಮಾಸ್ತರು ಹೇಳುತ್ತಾರೆ. ಬೆಳಿಗ್ಗೆ ಚಹಾ ಆದ ಮೇಲೆ ಇಬ್ಬರೂ ಫೋನಿನಲ್ಲಿ ಇದೇ ವಿಷಯಕ್ಕೆ ಜಗಳಾಡುತ್ತಾರೆ. ಯಾವಾಗಲಾದರೂ ಫೋನು ಬರುವುದು ತಡವಾದರೆ, ಆಳಂದಕ್ಕೆ ಬಸ್ಸು ಎಷ್ಟೊತ್ತಿಗೆ ಎಂದು ಮಾವ ನನ್ನನ್ನು ಕೇಳುತ್ತಾನೆ.